ಮುಟ್ಟುವ ಮುನ್ನ ಪಿಚ್

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಒಂದು ಬೊಂಬೆಯ ವಿಷಯದಲ್ಲಿ ಸುಳ್ಳು ಹೇಳಿದೆ. ಅದೂ ಬೆರಳುದ್ದವೂ ಇಲ್ಲದ ಪ್ಲಾಸ್ಟಿಕ್ ಬೊಂಬೆ.

ಹಿಲ್ಸ್‌ಬರೋದ ನಮ್ಮ ಬೇಸ್‌ಮೆಂಟಿನಲ್ಲಿ ಭಾನುವಾರ ಮಧ್ಯಾಹ್ನ ಎಲೆಕ್ಟ್ರಿಕ್ ಫುಟ್‌ಬಾಲ್ ನಡೆಯುತ್ತದೆ; ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಕೊನೆಯ ಗೆರೆ ದಾಟಿಸುವ ಇಲ್ಲಿನ ಅಮೆರಿಕನ್ ಫುಟ್‌ಬಾಲಿನ ಮೇಜಿನಾಟ. ತಗಡಿನ ಮೈದಾನ, ಸ್ವಿಚ್ಚು ಹಾಕಿದರೆ ಗುರ್ರೆಂದು ನಡುಗುತ್ತದೆ, ಮೇಲಿರುವ ಬೊಂಬೆಗಳು ತಮಗೆ ತೋಚಿದ ಕಡೆ ಓಡುತ್ತವೆ. ಗೆರೆಯ ಕಡೆ ಮುಖ ಮಾಡಿ ನಿಲ್ಲಿಸಿದವನು ಸ್ವಂತ ತಂಡದವನನ್ನೇ ತಬ್ಬಿಕೊಂಡು ಗಿರಗಿರ ಸುತ್ತುವುದೂ ಉಂಟು. ವಾರವಿಡೀ ಪಿಸ್ಕಾಟವೇಯ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವ ನನಗೆ ಇದೇನೂ ಹೊಸದಲ್ಲ.

ಇಂಥ ಆಟಕ್ಕೆ ಮನೆಯ ಕಾನೂನು ಬೇಕು. ಬರೆದವನು ನಾನೇ, ಆರು ಪುಟ. ಪಾಸ್ ಮಾಡಬೇಕಾದರೆ ಮೈದಾನ ನಿಲ್ಲಿಸಿ, ಎಸೆಯುವ ಬೊಂಬೆಯ ಕೈಯಿಂದ ಸ್ಪಂಜಿನ ಚೆಂಡು ಚಿಮ್ಮಿಸಬೇಕು; ಅದು ಹಿಡಿಯುವವನ ಮೈಗೆ ತಗುಲಿದರೂ ಸರಿ, ಕಾಲಡಿಯ ಪೀಠಕ್ಕೆ ತಗುಲಿದರೂ ಸರಿ. ಆ ಪೀಠಕ್ಕಾಗಿ ನಾನೂ ನನ್ನ ಎದುರಾಳಿ ಪಾಟೀಲರೂ ಎರಡು ಭಾನುವಾರ ವಾದಿಸಿದ್ದೇವೆ. ಪಾಟೀಲರು ಧಾರವಾಡದವರು, ಮಕ್ಕಳ ಡಾಕ್ಟರು. ಹಟಮಾರಿಗಳನ್ನು ನೋಡಿ ಅಭ್ಯಾಸವಾದ್ದರಿಂದ ನನ್ನನ್ನೂ ಸಹಿಸುತ್ತಾರೆ.

ಆಪ್ಶನ್ ಆಟದ ಕಾನೂನು ಇನ್ನೂ ಸೂಕ್ಷ್ಮ. ಚೆಂಡು ಹಿಡಿದು ಓಡುವವನು ಕೊನೆಯ ಗಳಿಗೆಯಲ್ಲಿ ಅದನ್ನು ಪಕ್ಕದವನಿಗೆ ದಾಟಿಸಬಹುದು; ಅದಕ್ಕೆ ಪಿಚ್ ಎನ್ನುತ್ತಾರೆ. ಬೊಂಬೆಗೆ ಅದು ಬಾರದು. ಆದ್ದರಿಂದ ಚೆಂಡಿರುವ ತಂಡವನ್ನು ಆಡಿಸುವವರು "ಪಿಚ್" ಎಂದು ಸ್ವಿಚ್ಚು ಆರಿಸಿ, ಚೆಂಡನ್ನು ಕೈಯಾರೆ ಪಕ್ಕದವನಿಗೆ ಕೊಡುತ್ತಾರೆ. ಪಿಚ್ ಅನ್ನುವ ಮೊದಲೇ ಎದುರಾಳಿ ಬೊಂಬೆ ಓಡುವವನನ್ನು ಮುಟ್ಟಿದರೆ ಆ ಓಟ ಅಲ್ಲಿಗೇ ಮುಗಿಯಿತು. ಮುಟ್ಟಿತೋ ಇಲ್ಲವೋ ಎಂಬುದಕ್ಕೆ ಸ್ವಿಚ್ಚು ಹಿಡಿದವರ ಮಾತೇ ಅಂತಿಮ. ನಮ್ಮ ತರ್ಕಶಾಸ್ತ್ರದವರು ಪ್ರತ್ಯಕ್ಷವನ್ನು ಮೊದಲ ಪ್ರಮಾಣವೆಂದರು. ಕಂಡವನೇ ಕಂಡಿಲ್ಲವೆಂದರೆ ಏನು ಗತಿ ಎಂದು ನನಗೆ ತಿಳಿಯದು.

ಕಳೆದ ವಾರ್ಷಿಕ ಫೈನಲ್ಲಿನ ಕೊನೆಯ ಓಟ. ನಾನು ಎರಡು ಪಾಯಿಂಟು ಹಿಂದೆ. ಸತತ ಮೂರು ವರ್ಷ ಪಾಟೀಲರಿಗೆ ಸೋತವನು. ಚೆಂಡು ನನ್ನದು, ಸ್ವಿಚ್ಚೂ ನನ್ನ ಕೈಯಲ್ಲಿ. ನನ್ನವನು ಗೆರೆಯ ಕಡೆ ತೆವಳುತ್ತಿದ್ದ. ಪಾಟೀಲರ ದಪ್ಪ ಬೊಂಬೆ ಓರೆಯಾಗಿ ಬರುತ್ತಿತ್ತು. ಇನ್ನೊಂದಿಷ್ಟು ಹೋಗಲಿ ಎಂದು ಕಾದೆ. ಮುಟ್ಟಿತು. ಆಮೇಲೆ ನನ್ನ ಬಾಯಿಂದ "ಪಿಚ್" ಬಂತು.

ಪಾಟೀಲರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಮುಟ್ಟಿತೇನ್ರಿ?"

"ಇಲ್ಲ," ಅಂದೆ.

ಅವರು ತಾವೇ ಚೆಂಡನ್ನೆತ್ತಿ ನನ್ನ ಪಕ್ಕದವನಿಗೆ ಕೊಟ್ಟರು. ಅವನು ಗೆರೆ ದಾಟಿದ, ನಾನು ಗೆದ್ದೆ. ಆ ವಾರವಿಡೀ ನನಗೆ ಊಟ ಸೇರಲಿಲ್ಲ. ಹೆಂಡತಿ ಆಸಿಡಿಟಿ ಅಂದಳು, ಅದು ನಾಚಿಕೆ ಎಂದು ನನಗೆ ಗೊತ್ತಿತ್ತು.

ಮುಂದಿನ ಭಾನುವಾರ, ಇನ್ನು ಮೇಲೆ ಫೋನಿನಲ್ಲಿ ವಿಡಿಯೊ ತೆಗೆಯೋಣ ಎಂಬ ತಿದ್ದುಪಡಿ ಮಂಡಿಸಿದೆ. ಪಾಟೀಲರ ಮುಖ ಸಣ್ಣದಾಯಿತು. "ನನ್ನ ಮ್ಯಾಲೆ ಸಂಶಯ ಬಂತೇನ್ರಿ?"

ಇನ್ನು ತಡೆಯಲಾಗಲಿಲ್ಲ. "ನಿಮ್ಮ ಮೇಲಲ್ಲ ಪಾಟೀಲ್ರೇ. ಅವತ್ತು ಮುಟ್ಟಿತ್ತು."

ಅವರು ಒಂದೊಂದಾಗಿ ಬೊಂಬೆಗಳನ್ನು ಜೋಡಿಸಿದರು. ಇವತ್ತಿಗೆ ನಮ್ಮ ಸ್ನೇಹ ಮುಗಿಯಿತು ಎಂದುಕೊಂಡೆ. ಹೊಸ ಆಟದಲ್ಲಿ ಮೊದಲ ಚೆಂಡು ಅವರದು, ಕಾನೂನಿನಂತೆ ಸ್ವಿಚ್ಚೂ ಅವರೇ ಹಿಡಿಯಬೇಕು. ಅವರು ಅದನ್ನು ನನ್ನ ಕಡೆ ತಳ್ಳಿದರು. "ನೀವ ಹಿಡೀರಿ. ವಿಡಿಯೊ ಬ್ಯಾಡ."

ಅಷ್ಟು ಕಣ್ಣಿಟ್ಟು ನಾನು ಜನ್ಮದಲ್ಲಿ ಏನನ್ನೂ ನೋಡಿರಲಿಲ್ಲ. ಅವರು "ಪಿಚ್" ಅಂದರು, ಸ್ವಿಚ್ಚು ಆರಿಸಿದೆ. ಅದಕ್ಕೆ ತುಸು ಮುಂಚೆಯೇ ನನ್ನ ಬೊಂಬೆ ಅವರವನನ್ನು ಮುಟ್ಟಿದ್ದು ಸ್ಪಷ್ಟವಾಗಿ ಕಂಡಿತ್ತು. ಪಾಟೀಲರು ನನ್ನ ಮುಖ ನೋಡಿದರು.

"ಮುಟ್ಟಲಿಲ್ಲ," ಅಂದೆ.

"ಮುಟ್ಟೇತಿ ಬಿಡ್ರಿ," ಎಂದು ನಕ್ಕು, ಚೆಂಡನ್ನು ಪಕ್ಕದವನಿಗೆ ಕೊಡದೆ ಅಲ್ಲೇ ಬಿಟ್ಟರು. ಅವರಿಗೆ ಅನುಕೂಲವಾಗಲಿ ಎಂದು ಹೇಳಿದ ಸುಳ್ಳನ್ನೂ ಆ ಮನುಷ್ಯ ಒಪ್ಪಿಕೊಳ್ಳಲಿಲ್ಲ.