ಹವ್ಯಾಸ: ಹೊಳೆಯಲ್ಲಿ ಈಜುವುದು

ಬೈಲಹೊಂಗಲ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದವರು ಎರಡೇ ಬೆರಳು ಬಳಸುತ್ತಿದ್ದರು. ಉಳಿದ ಎಂಟನ್ನು ಒಳ್ಳೆಯ ನೌಕರಿಗೆಂದು ಕಾದಿಟ್ಟಿದ್ದಾರೆ ಎಂದು ನಾವು ನಗುತ್ತಿದ್ದೆವು. ಊರಿನ ಪದವೀಧರರ ಬಯೋಡೇಟಾಗಳೆಲ್ಲ ತಯಾರಾಗುತ್ತಿದ್ದುದು ಅವರ ಕೈಯಲ್ಲೇ. "ನೌಕರಿ ಮಾರ್ಕೆಟ್ ಭಾಳ ಜೋರ್ ಐತ್ರಿ, ಚಿಂತಿ ಮಾಡಬ್ಯಾಡ್ರಿ" ಎನ್ನುತ್ತ ತಮ್ಮದೇ ಬಯೋಡೇಟಾ ತೆರೆದು, ಹೆಸರು, ವಿಳಾಸ, ಅಂಕಗಳನ್ನು ಬದಲಿಸಿ ಕೊಡುತ್ತಿದ್ದರು. ಹವ್ಯಾಸದ ಸಾಲನ್ನು ಮಾತ್ರ ಮುಟ್ಟುತ್ತಿರಲಿಲ್ಲ: ಹೊಳೆಯಲ್ಲಿ ಈಜುವುದು.

ಕಳೆದ ವರ್ಷ ಧಾರವಾಡದಲ್ಲಿ ಒಂದು ಕಂಪನಿಯ ಸಂದರ್ಶನಕ್ಕೆ ಹೋದರೆ, ಅಲ್ಲಿ ನನ್ನನ್ನೂ ಸೇರಿಸಿ ನಮ್ಮೂರಿನವರೇ ಹನ್ನೊಂದು ಮಂದಿ. ಎಲ್ಲರ ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆ ಟೈಪ್ ಮಾಡುವವರೂ ನಿಂತಿದ್ದರು. ಕೊನೆಗೆ ಒಳಗೆ ಹೋದ ಅವರು ಎರಡೇ ನಿಮಿಷಕ್ಕೆ ಹೊರಗೆ ಬಂದರು.

"ಏನಾತ್ರಿ?" ಎಂದೆ.

"ನಿಮ್ಮೂರಾಗ ಎಲ್ಲಾರೂ ಹೊಳ್ಯಾಗ ಈಜತೀರೇನು, ಇದನ್ನ ಯಾರದು ನೋಡಿ ಬರದೀರಿ ಅಂತ ಕೇಳಿದ್ರು."

ನನಗೆ ತಲೆ ಎತ್ತಲಾಗಲಿಲ್ಲ. ನಮ್ಮ ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಅವರು ಮಾತ್ರ ಹೊಳೆದಂಡೆಯ ಮನೋಳಿ ಊರಿನವರು, ತುಂಬಿದ ಮಲಪ್ರಭೆಯನ್ನು ಈಜಿ ದಾಟಿದವರು.

ನೌಕರಿ ನಮಗಾರಿಗೂ ಸಿಗಲಿಲ್ಲ. ಮರುವಾರ ಮತ್ತೊಂದು ಅರ್ಜಿ ಹಿಡಿದು ಅಂಗಡಿಗೆ ಹೋದೆ. ಆ ಎರಡು ಬೆರಳುಗಳು ಹವ್ಯಾಸದ ಸಾಲಿಗೆ ಬಂದು ನಿಂತವು.

"ಮಾರ್ಕೆಟ್ ಜೋರ್ ಐತ್ರಿ," ಎಂದರು ಮೆಲ್ಲಗೆ. "ಆದ್ರ ಈಜೂದೊಂದು ನನಗ ಬಿಡ್ರಿ. ನಿಮಗ ಓದೂದು ಹಾಕತೇನಿ."