ಒಂದು ಅಂಕದ ಆಸೆ

ನನ್ನ ತಮ್ಮ ಶಾಲೆಯಲ್ಲಿ ಬುದ್ಧನ ಪಾಠವನ್ನು ಎಳೆಯುತ್ತಲೇ ಇರುತ್ತಾನೆ, ಮುಗಿಸುವುದೇ ಇಲ್ಲ ಎಂದು ಮಕ್ಕಳ ತಂದೆತಾಯಂದಿರು ದೂರು ಕೊಟ್ಟಿದ್ದಾರಂತೆ. ಕೊಡಲಿ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರಿಗೂ ಗೊತ್ತು. ಅವರಲ್ಲಿ ಯಾರಾದರೂ ನನ್ನೆದುರು ಬಂದು ಆ ಮಾತು ಹೇಳಲಿ, ನೋಡಿಕೊಳ್ಳುತ್ತೇನೆ.

ಅವನು ಮೊದಲು ಹೀಗಿರಲಿಲ್ಲ. ಮಕ್ಕಳು ಅವನಿಗೆ ಇಟ್ಟ ಹೆಸರೇ ಒಂದಂಕ ಮೇಷ್ಟ್ರು. ಸಮಾಜ ವಿಜ್ಞಾನದ ಯಾವ ಪಾಠವನ್ನಾದರೂ ಹಿಂಡಿ, ಒಂದೊಂದು ಅಂಕದ ಉತ್ತರ ಮಾಡಿ ಬೋರ್ಡಿಗೆ ಇಳಿಸುವುದರಲ್ಲಿ ಅವನದು ಎತ್ತಿದ ಕೈ. ಎರಡು ಮಹಾಯುದ್ಧಗಳನ್ನು ಒಂದೇ ಪೀರಿಯಡ್ಡಿನಲ್ಲಿ ಮುಗಿಸಿ ಬರುತ್ತಿದ್ದ. ನಾನು ಪಕ್ಕದ ಕೋಣೆಯಲ್ಲಿ ಗಣಿತ ಹೇಳಿಕೊಡುವವಳು. ನಡುವೆ ಇರುವುದು ಗೋಡೆಯಲ್ಲ, ಪ್ಲೈವುಡ್ ಹಲಗೆ. ನನ್ನ ತ್ರಿಕೋನಗಳ ಮಧ್ಯೆ ಅವನ ರಾಜಮಹಾರಾಜರೆಲ್ಲ ನುಗ್ಗುತ್ತಿದ್ದರು. "ಸ್ವಲ್ಪ ಮೆಲ್ಲಗೆ ಕಿರುಚೋ ಪುಣ್ಯಾತ್ಮ" ಎಂದು ನಾನು ಹಲಗೆ ಬಡಿಯದ ದಿನವಿಲ್ಲ.

ಬುದ್ಧನ ಪಾಠವನ್ನೂ ಹಾಗೇ ಓಡಿಸುತ್ತಿದ್ದ. ಅರಮನೆಯ ಹುಡುಗ ಮುದುಕನನ್ನು ಕಂಡ, ರೋಗಿಯನ್ನು ಕಂಡ, ಹೆಣ ಕಂಡ, ಸನ್ಯಾಸಿಯನ್ನು ಕಂಡ, ಮನೆ ಬಿಟ್ಟ. ಆಮೇಲೆ ನಾಲ್ಕು ಸತ್ಯ. ಬದುಕಿನಲ್ಲಿ ದುಃಖವಿದೆ, ಅದಕ್ಕೆ ಕಾರಣವಿದೆ, ಅದು ನಿಲ್ಲಬಲ್ಲದು, ನಿಲ್ಲಿಸುವುದಕ್ಕೆ ಎಂಟು ಅಂಗಗಳ ದಾರಿಯಿದೆ. "ದುಃಖಕ್ಕೆ ಕಾರಣವೇನು? ಒಂದು ಅಂಕ. ಉತ್ತರ, ಆಸೆ. ಆಸೆ ಬಿಟ್ರೆ ದುಃಖ ಇಲ್ಲ. ಬರ್ಕೊಂಡ್ರಾ? ಮುಂದಕ್ಕೆ!"

ಆ ವರ್ಷ ಅವನ ಒಬ್ಬಳೇ ಮಗಳು ಅದೇ ತರಗತಿಯಲ್ಲಿದ್ದಳು. ಎಲ್ಲರ ಹಾಗೆ ಅವಳೂ ಬರೆದುಕೊಂಡಳು.

ಅದಾದ ಸ್ವಲ್ಪ ದಿನಕ್ಕೆ ಅವಳ ತಾಯಿಯ ಹೊಟ್ಟೆನೋವು ಬರೀ ಹೊಟ್ಟೆನೋವಲ್ಲ ಎಂದು ತಿಳಿಯಿತು. ಕ್ಯಾನ್ಸರ್, ಅದೂ ಕೈಮೀರಿದ್ದು. ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಡಾಕ್ಟರು ನನ್ನ ತಮ್ಮನ ಭುಜದ ಮೇಲೆ ಕೈಯಿಟ್ಟು ಹೇಳಿದರು: "ಇನ್ನು ಆಸೆ ಬಿಟ್ಬಿಡಿ. ಮನೆಗೆ ಕರ್ಕೊಂಡು ಹೋಗಿ." ಸ್ಕ್ಯಾನಿನ ದೊಡ್ಡ ಕವರನ್ನು ಎದೆಗೆ ಅವಚಿಕೊಂಡು ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ನಾನೂ ತಮ್ಮನೂ ನಮ್ಮ ಅಳುವಿನಲ್ಲಿದ್ದೆವು. ಅವಳ ಮುಖವನ್ನು ಯಾರೂ ನೋಡಲಿಲ್ಲ.

ಮನೆಗೆ ಬಂದ ಮೇಲೆ ಹುಡುಗಿ ತಾಯಿಯ ಕೋಣೆಗೆ ಕಾಲಿಡುವುದನ್ನೇ ನಿಲ್ಲಿಸಿದಳು. ಅಮ್ಮನ ಪಕ್ಕ ಮಲಗುತ್ತಿದ್ದವಳು ಹಾಸಿಗೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಶಾಲೆಯಿಂದ ಬಂದವಳು ಆ ಬಾಗಿಲು ದಾಟುವಾಗ ತಲೆ ತಗ್ಗಿಸಿ ಸರಸರನೆ ನಡೆಯುತ್ತಿದ್ದಳು. ಒಳಗಿನಿಂದ ತಾಯಿ ಕರೆದರೆ, "ಹೋಂವರ್ಕ್ ಇದೆ" ಎನ್ನುತ್ತಿದ್ದಳು. ತಾಯಿ ದಿನ ಹೋದಂತೆ ಕಡ್ಡಿಯಾಗುತ್ತಿದ್ದಳು. ನಾನು ಮೈ ಒರೆಸುವಾಗ, ಬಟ್ಟೆ ಬದಲಿಸುವಾಗ ಅವಳಿಗೆ ಅದೊಂದೇ ಕೊರಗು: "ಅತ್ತಿಗೆ, ಮಗು ಯಾಕೆ ನನ್ನ ಹತ್ರ ಬರಲ್ಲ? ನಾನೇನು ಮಾಡಿದೆ?" ಒಂದು ದಿನ ಅಡುಗೆಮನೆಯಲ್ಲಿ ಹುಡುಗಿಯ ರಟ್ಟೆ ಹಿಡಿದು ಬೈದೆ: "ನಿನ್ನ ಎದೆಯೊಳಗೇನು ಕಲ್ಲಿದೆಯೇನೇ? ಇನ್ನೆಷ್ಟು ದಿನ ಇರ್ತಾಳೆ ಅವಳು?"

"ಬಿಡಿ ಅತ್ತೆ, ನೋಯುತ್ತೆ" ಎಂದಳು, ಅಷ್ಟೇ.

ಪರೀಕ್ಷೆ ಹತ್ತಿರ ಬಂತು. ಪಾಠಗಳನ್ನು ಮತ್ತೊಮ್ಮೆ ತಿರುವಿಹಾಕುವ ದಿನಗಳು. ಹಲಗೆಯ ಆಚೆ ನಾಲ್ಕು ಸತ್ಯಗಳು ಒಕ್ಕೊರಲಿನಲ್ಲಿ ಕೇಳಿಬಂದವು. ನನ್ನ ತಮ್ಮ, "ಎರಡನೇದಕ್ಕೆ ಒಂದು ಉದಾಹರಣೆ ಕೊಡಿ ನೋಡೋಣ" ಎಂದ.

"ಮೊಬೈಲ್ ಬೇಕು ಅಂತ ಆಸೆ ಸರ್. ನಮ್ಮಪ್ಪ ಕೊಡ್ಸಲ್ಲ. ದುಃಖ!" ಯಾವನೋ ತರಲೆ. ಎಲ್ಲರೂ ನಕ್ಕರು.

ನಗು ನಿಂತ ಮೇಲೆ ನಮ್ಮ ಹುಡುಗಿಯ ದನಿ. "ಸರ್, ನಮ್ಮಮ್ಮ ಬದುಕ್ಬೇಕು ಅನ್ನೋ ಆಸೆ. ಆಸ್ಪತ್ರೇಲೂ ಬಿಡಿ ಅಂದ್ರು, ನೀವೂ ಬಿಡಿ ಅಂದ್ರಿ. ಬಿಟ್ಟೆ. ಹತ್ರ ಹೋದ್ರೆ ಮತ್ತೆ ಆಸೆ ಬರುತ್ತೆ ಅಂತ ಹೋಗ್ತಾನೇ ಇಲ್ಲ. ಆದ್ರೂ ದುಃಖ ಹೋಗ್ತಿಲ್ಲ ಸರ್. ಎಲ್ಲಿ ತಪ್ಪಾಯ್ತು?"

ಬೋರ್ಡಿನ ಮೇಲೆ ಅರ್ಧ ಬರೆದ ಲೆಕ್ಕ ಬಿಟ್ಟು ಹಲಗೆಗೆ ಕಿವಿಗೊಟ್ಟು ನಿಂತೆ.

"ತಪ್ಪು ನಿಂದಲ್ಲಮ್ಮ" ಎಂದ ನನ್ನ ತಮ್ಮ. "ನಾನು ಬರೆಸಿದ್ದು ತಪ್ಪು. ಬುದ್ಧ ಹೇಳಿದ ಮಾತು ತೃಷ್ಣೆ. ಅಂದ್ರೆ ಬಾಯಾರಿಕೆ. ಇರೋದೆಲ್ಲ ಇದ್ದ ಹಾಗೇ ಉಳೀಬೇಕು ಅಂತ ಬಿಗಿಯಾಗಿ ಹಿಡ್ಕೊಳ್ಳೋದು. ಯಾವುದೂ ಉಳಿಯಲ್ಲ. ಅದನ್ನೇ ಅನಿತ್ಯ ಅನ್ನೋದು. ಆದ್ರೆ ಹಿಡ್ಕೋಬೇಡಿ ಅಂದ್ರೆ ದೂರ ಓಡಿ ಅಂತ ಅಲ್ಲ. ಕಾಯಿಲೆ ಬಿದ್ದು ಹೊಲಸಿನಲ್ಲೇ ಮಲಗಿದ್ದ ಒಬ್ಬ ಭಿಕ್ಷುವನ್ನ ಯಾರೂ ಮುಟ್ಟದೇ ಇದ್ದಾಗ, ಬುದ್ಧನೇ ಹೋಗಿ ಮೈ ತೊಳೆದನಂತೆ. ಕರುಣೆ ಅಂದ್ರೆ ಅದು. ಪರೀಕ್ಷೆಗೆ ಬರಲ್ಲ ಅಂತ ನಾನು ಹೇಳಿರಲಿಲ್ಲ."

"ಮತ್ತೆ ಹೆಂಡ್ತಿ ಮಗೂನ ಬಿಟ್ಟು ಹೋದ್ನಲ್ಲ ಸರ್?" ಹುಡುಗಿ ಬಿಡಲಿಲ್ಲ.

"ಹೋದ. ಅದಕ್ಕೇನು ಹೇಳ್ಬೇಕೋ ನಂಗೆ ಗೊತ್ತಿಲ್ಲ."

"ಹಾಗಾದ್ರೆ ನಾನು ಅಳಬಹುದಾ?"

"ಅಮ್ಮನ ಪಕ್ಕದಲ್ಲೇ ಕೂತು ಅಳು ಪುಟ್ಟಿ. ನಡಿ, ಮನೆಗೆ ಹೋಗೋಣ."

ಹೆಡ್‌ಮೇಡಮ್‌ಗೆ ನಾನೇ ಹೇಳಿ ಮೂವರೂ ಹೊರಟೆವು. ಹುಡುಗಿ ಕೈಕಾಲು ತೊಳೆದು, ನೇರವಾಗಿ ಕೋಣೆಗೆ ಹೋಗಿ, ಮಂಚದ ಮೇಲೆ ಕುಳಿತು ತಾಯಿಯ ಕೈ ಹಿಡಿದಳು. ಅಷ್ಟರಲ್ಲಿ ನೋವಿಗೆ ಕೊಡುವ ಔಷಧ ಹೆಚ್ಚಾಗಿತ್ತು. ರೋಗಿಯ ಕಣ್ಣು ಮಂಜಾಗಿತ್ತು, ಬುದ್ಧಿಯೂ ಅಷ್ಟೇ. ಆ ಕೋಣೆಗೆ ಬರುವ ಹೆಣ್ಣೆಂದರೆ ಅವಳ ಪಾಲಿಗೆ ನಾನೊಬ್ಬಳೇ.

"ಅತ್ತಿಗೆ, ಮಗು ಇವತ್ತಾದ್ರೂ ಬರುತ್ತಾ?"

"ಅಮ್ಮಾ, ನಾನೇ. ಬಂದಿದೀನಿ ನೋಡು."

"ಸಮಾಧಾನಕ್ಕೆ ಏನೇನೋ ಹೇಳ್ಬೇಡಿ ಅತ್ತಿಗೆ. ಅವಳಿಗೆ ಈ ವಾಸನೆ ಆಗಲ್ಲ. ಬಲವಂತ ಮಾಡ್ಬೇಡಿ."

"ಅಯ್ಯೋ, ನಿನ್ನ ಮಗಳೇ ಕಣೇ ಇದು!" ಎಂದು ನಾನು ಕಿವಿಯ ಹತ್ತಿರ ಕೂಗಿದೆ. ಯಾರೋ ಬಂದ ನೆಂಟರನ್ನು ನೋಡುವಂತೆ ತಾಯಿ ನನ್ನನ್ನು ನೋಡಿದಳು.

ಅಂದಿನಿಂದ ಹುಡುಗಿ ಅಲ್ಲಿಂದ ಏಳಲಿಲ್ಲ. ಪರೀಕ್ಷೆಗೂ ಹೋಗಲಿಲ್ಲ. ಮೈ ಒರೆಸಿದಳು, ಮಗ್ಗುಲು ತಿರುಗಿಸಿದಳು, ಹೊಲಸಾದ ಬಟ್ಟೆ ಒಗೆದಳು. ಮೊದಮೊದಲು "ನಾನೇ ಅಮ್ಮಾ, ನಾನೇ" ಎಂದು ಗೋಗರೆದಳು. ತಾಯಿ ಗಾಬರಿಯಾಗಿ ಅಳುತ್ತಿದ್ದಳು. ಆಮೇಲೊಂದು ಮಧ್ಯಾಹ್ನ ನಾನು ಬಿಸಿನೀರು ತರುವಾಗ ಒಳಗೆ ಮಾತು ಕೇಳಿಸಿತು.

"ಅತ್ತಿಗೆ, ಮಗು ಊಟ ಮಾಡ್ತಾ?"

"ಮಾಡಿದ್ಲು ಕಣೆ. ನಿನ್ನನ್ನೇ ಕೇಳ್ತಿದ್ಲು. ನೀನು ಸುಮ್ನೆ ಮಲ್ಕೋ."

ನನ್ನದೇ ಗದರಿಕೆ, ನನ್ನದೇ ಮಾತು, ಹೇಳುತ್ತಿದ್ದವಳು ಹುಡುಗಿ. "ಕೇಳ್ತಿದ್ಲಾ?" ಎಂದು ತಾಯಿ ನಕ್ಕು ಕಣ್ಣು ಮುಚ್ಚಿದಳು. ಅವಳು ಸಾಯುವವರೆಗೂ ಆ ಕೋಣೆಯಲ್ಲಿ ಹುಡುಗಿ ನಾನಾಗಿಯೇ ಇದ್ದಳು.