ವಿಂಗರನ ಬಲಗಾಲು

ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ, ಮದುವೆಯಾಗಿ ಸಿಂಗಪುರಕ್ಕೆ ಬಂದ ನನಗೆ ತೊಂಬತ್ತರ ದಶಕದ ನಡುವೆ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮನೆ ಕ್ಲೆಮೆಂಟಿಯಲ್ಲಿ. ಆ ವರ್ಷಗಳ ರೋಗಿಗಳಲ್ಲಿ ಇಂದಿಗೂ ನನ್ನನ್ನು ಬಿಡದವರು ಒಬ್ಬರೇ: ಅರವತ್ತೆಂಟರ ಒಬ್ಬ ಸ್ಕಾಟಿಷ್ ಮುದುಕ.

ಮೊದಲ ದಿನ ಅವರ ಬಲಮಂಡಿಯನ್ನು ಮುಟ್ಟಿ ನೋಡಿದಾಗ ಒಳಗೆ ಜಲ್ಲಿಕಲ್ಲು ಉಜ್ಜಿದಂತೆ ಕರಕರ ಅಂದಿತು. ಪಾದ ತಣ್ಣಗಿತ್ತು. ಸಕ್ಕರೆ ಕಾಯಿಲೆಯಿಂದ ಎರಡು ಬೆರಳು ಕಪ್ಪಾಗಿದ್ದವು.

"ಇದು ಫುಟ್‌ಬಾಲ್ ಮಾಡಿದ್ದು," ಎಂದು ಮಂಡಿ ತೋರಿಸಿದರು. "ಆ ಬೆರಳು ವಯಸ್ಸು ಮಾಡಿದ್ದು."

ವ್ಯಾಯಾಮ ಮಾಡಿಸುವಾಗ ಸ್ವಲ್ಪ ಸ್ವಲ್ಪವಾಗಿ ತಮ್ಮ ಕಥೆ ಹೇಳಿದರು. ತಂದೆ ಕಲ್ಲಿದ್ದಲ ಗಣಿಯಲ್ಲಿದ್ದರು. ಇವರೂ ಹದಿನೈದಕ್ಕೇ ಅಲ್ಲಿ ಸೇರಿದರು. ಶನಿವಾರದ ಆಟದಲ್ಲಿ ಯಾರ ಕೈಗೂ ಸಿಗದಂತೆ ಓಡುತ್ತಿದ್ದುದನ್ನು ಕಂಡು ಒಂದು ಕ್ಲಬ್ಬಿನವರು ಕರೆದೊಯ್ದರು. ಬಲಬದಿಯ ವಿಂಗರ್: ಗೆರೆಯ ಅಂಚಿನಲ್ಲೇ ಚೆಂಡು ಒಯ್ದು, ಗೋಲಿನ ಮುಂದೆ ನಿಂತವನ ತಲೆಗೆ ಸರಿಯಾಗಿ ತಲುಪಿಸುವುದು ಅವರ ಕೆಲಸ. ಆರು ವರ್ಷ ಚೆನ್ನಾಗಿಯೇ ನಡೆಯಿತು. ಒಮ್ಮೆ ದೇಶದ ತಂಡಕ್ಕೂ ಕರೆ ಬಂತು. ಆದರೆ ಮೀಸಲು ಆಟಗಾರನಾಗಿ ಇಡೀ ಆಟ ಓವರ್‌ಕೋಟು ಹಾಕಿಕೊಂಡು ಹೊರಗೆ ಕೂತು ಬಂದರು. ಮರುವರ್ಷ ಎದುರಾಳಿಯೊಬ್ಬ ಬೂಟುಗಾಲಿನಿಂದ ಮಂಡಿಗೆ ಒದ್ದ. ಒಂದು ಮುಖ್ಯ ಪಂದ್ಯ ಬಾಕಿಯಿತ್ತು. ತಂಡದ ಟ್ರೈನರ್ ಮಂಡಿಗೆ ನೋವು ಮರೆಸುವ ಇಂಜೆಕ್ಷನ್ ಚುಚ್ಚಿಸಿ, "ಇದೊಂದೇ ಸಲ" ಅಂದ. ಹಾಗೆ ಒಂಬತ್ತು ಸಲ ಚುಚ್ಚಿಸಿದರು. ಆ ಬೇಸಿಗೆ, ಮುಂದಿನ ವರ್ಷಕ್ಕೆ ಉಳಿಸಿಕೊಂಡವರದೆಂದು ಕ್ಲಬ್ಬಿನ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ. ಬೂಟುಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ ಹತ್ತಿದರು. ಆಗ ಇಪ್ಪತ್ತೇಳು ವಯಸ್ಸು.

ಆಮೇಲೆ ಸಿಂಗಪುರದ ಶಾಲೆಯೊಂದಕ್ಕೆ ಆಟದ ಮೇಷ್ಟರಾಗಿ ಬಂದು, ಇಲ್ಲಿಯ ಚೀನೀ ನರ್ಸೊಬ್ಬರನ್ನು ಮದುವೆಯಾಗಿ ಉಳಿದುಬಿಟ್ಟರು.

ದಿನ ಕಳೆದಂತೆ ಬೆರಳುಗಳ ಕಪ್ಪು ಮೇಲಕ್ಕೆ ಹಬ್ಬಿತು. ಮಂಡಿಯ ಮೇಲಿನಿಂದ ಕಾಲು ತೆಗೆಯಬೇಕು ಅಂದರು ಸರ್ಜನ್. ಮುದುಕ ಸುತರಾಂ ಒಪ್ಪಲಿಲ್ಲ. ಹೆಂಡತಿ ನನ್ನನ್ನು ಕಾರಿಡಾರಿಗೆ ಕರೆದು, ಮಾತಿನ ಕೊನೆಗೆ ಸಿಂಗಪುರದವರ 'ಲಾ' ಸೇರಿಸಿ, "ನನ್ನ ಮಾತು ಕೇಳಲ್ಲ ಲಾ. ನೀನು ಹೇಳು, ನಿನ್ನ ಮೇಲೆ ನಂಬಿಕೆ ಇದೆ," ಅಂದರು.

ನಾನು ಹೇಳಿದೆ. ಇದೊಂದು ಆಪರೇಷನ್ ಆದರೆ ಸಾಕು, ಕೃತಕ ಕಾಲು ಹಾಕಿಸಿ ನಾನೇ ನಡೆಸುತ್ತೇನೆ ಎಂದೆ.

"ಟ್ರೈನರ್ ಕೂಡ ಹೀಗೇ ಮೆತ್ತಗೆ ಮಾತಾಡುತ್ತಿದ್ದ," ಎಂದು ಅವರು ಪೆನ್ನು ಕೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಮನೆಯಲ್ಲಿ ಗಂಡನಿಗೆ ಹೇಳಿದಾಗ, "ನೀನು ತುಂಬಾ ಇನ್ವಾಲ್ವ್ ಆಗ್ತಿದ್ದೀಯ ಕಣೇ. ಡಿಸೈಡ್ ಮಾಡಿದ್ದು ಡಾಕ್ಟ್ರು, ನೀನಲ್ಲ," ಎಂದ. ಅದು ನಿಜವೇ. ಆದರೂ ಮರುದಿನ ಬೆಳಿಗ್ಗೆಯೇ ಕೃತಕ ಕಾಲಿನ ವಿಭಾಗದಲ್ಲಿ ಅವರ ಅಳತೆಗೆ ಸಮಯ ಬುಕ್ ಮಾಡಿದೆ.

ಕಾಲು ಹೋದ ಮೇಲೂ ನೋವು ಹೋಗಲಿಲ್ಲ. ಇಲ್ಲದ ಪಾದ ಉರಿಯುತ್ತಿದೆ ಎನ್ನುತ್ತಿದ್ದರು. ಎಲ್ಲಿ ಎಂದು ಕೇಳಿದರೆ ಖಾಲಿ ಹಾಸಿಗೆಯ ಮೇಲೆ ಬೆರಳಿಟ್ಟು, "ಇಲ್ಲಿ, ಚೆಂಡು ತಾಗುವ ಜಾಗ," ಎಂದರು. ಎರಡನೆಯ ವಾರ ಗಾಯಕ್ಕೆ ಸೋಂಕು ತಗುಲಿ ಜ್ವರ ಏರಿತು. ಎದ್ದು ಕೂರುವುದೂ ನಿಂತಿತು. ಮೂರನೆಯ ವಾರ, ಒಂದು ಮಧ್ಯಾಹ್ನ, ನಾನು ಇನ್ನೊಬ್ಬ ರೋಗಿಯ ಬಳಿಯಿದ್ದಾಗ ತೀರಿಕೊಂಡರು.

ಅವರ ವಸತಿ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಗೋಡೆಗಳಿಲ್ಲದ ಖಾಲಿ ನೆಲಮಹಡಿಯಲ್ಲಿ, ಶವಪೆಟ್ಟಿಗೆ ಇಟ್ಟಿದ್ದರು. ಹತ್ತು ಕುರ್ಚಿಗಳಲ್ಲಿ ನಾಲ್ಕು ಜನ. ಹೆಂಡತಿ ನನ್ನ ಕೈ ಹಿಡಿದು, "ನಡೀತಾರೆ ಅಂದಿದ್ದೆ ನೀನು," ಅಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ.

ಮರುದಿನ ಕೃತಕ ಕಾಲಿನ ವಿಭಾಗಕ್ಕೆ ಫೋನ್ ಮಾಡಿ, ಅಳತೆ ತೆಗೆಯಲು ಬುಕ್ ಮಾಡಿದ್ದ ಅವರ ಸಮಯವನ್ನು ರದ್ದು ಮಾಡಿಸಿದೆ.